ಸೆನ್ಸರ್ ಇಲ್ಲ ಅಂತ ಹೇಳೋಕೇನು ಕಷ್ಟ?

2021ರ ನವೆಂಬರ್ 26ರಂದು ಕೆಂಗೇರಿ, ರಾಜರಾಜೇಶ್ವರಿ ನಗರದ ಕಡೆ ಢಮ್ ಅಂತ ಸದ್ದಾಗಿ ಜನ ಮನೆಯಿಂದ ಆಚೆ ಬಂದಿದ್ದು ನಿಮಗೆ ನೆನಪಿರಬಹುದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ತಮ್ಮ ಭೂಕಂಪ ಮಾಪಕಗಳನ್ನ ನೋಡಿ, ಭೂಮಿ ಕಂಪಿಸಿದ ಗುರುತಿಲ್ಲ ಅಂದ್ರು. ಆ ಮಾತಿಗೆ ಬೆಲೆ ಇದೆ, ಯಾಕಂದ್ರೆ ಅವರ ಹತ್ರ ಮಾಪಕ ಇತ್ತು. ಅಳೆದು ನೋಡಿ 'ಇಲ್ಲ' ಅನ್ನೋದು ಬೇರೆ, ಅಳೆಯೋ ಸಾಮಾನೇ ಇಲ್ಲದೆ 'ಇಲ್ಲ' ಅನ್ನೋದು ಬೇರೆ.

ಲ್ಯಾಪ್‌ಟಾಪಿಗೆ ಆಪ್ ಮಾಡೋರಲ್ಲಿ ಎಷ್ಟೋ ಜನ ಈ ಎರಡನೇ ಥರದವರು. ಅಲುಗಾಟ ಅಳೆಯೋ ಆಪು, ಓರೆ ಮಾಡಿ ಆಡೋ ಗೇಮು ಎಲ್ಲಾ ಸಲೀಸಾಗಿ ಇಳಿಯತ್ತೆ, ತೆರೆಯತ್ತೆ. ಪರದೆ ಮೇಲೆ ಒಂದು ನೇರ ಗೆರೆ. ಹುಡುಗ ಮೇಜು ಗುದ್ದಿದ್ರೂ ಗೆರೆ ಅಲ್ಲಾಡಲ್ಲ. ಮುಳ್ಳೇ ಇಲ್ಲದ ತಕ್ಕಡೀಲಿ ತೂಕ ಸೊನ್ನೆ ಅಂದ ಹಾಗೆ. ಅಪ್ಪ 'ಲ್ಯಾಪ್‌ಟಾಪ್ ಕೆಟ್ಟಿದೆ' ಅಂತ ರಿಪೇರಿಗೆ ಹೊರಡ್ತಾರೆ. ಕೆಟ್ಟಿರೋದೇನೂ ಇಲ್ಲ, ಒಳಗೆ ಆ ಚಿಪ್ಪೇ ಇಲ್ಲ.

ಒಂದು ಕಾಲಕ್ಕೆ ಇತ್ತು. ಐಬಿಎಂನವರು 2003ರಲ್ಲಿ ಥಿಂಕ್‌ಪ್ಯಾಡಿಗೆ, ಆಪಲ್‌ನವರು 2005ರಲ್ಲಿ ಪವರ್‌ಬುಕ್ಕಿಗೆ ಹಾಕಿದ್ರು. ಉದ್ದೇಶ ಆಟ ಅಲ್ಲ: ಲ್ಯಾಪ್‌ಟಾಪ್ ಕೈಜಾರಿದ್ರೆ ಹಾರ್ಡ್‌ಡಿಸ್ಕಿಗೆ ಪೆಟ್ಟಾಗದ ಹಾಗೆ ಅದರ ಹೆಡ್ ಪಕ್ಕಕ್ಕೆ ಸರಿಸೋದು. ಆಮೇಲೆ ಎಸ್‌ಎಸ್‌ಡಿ ಬಂತು, ಅದರಲ್ಲಿ ತಿರುಗೋ ಭಾಗ ಇಲ್ಲ, ಸೆನ್ಸರ್ ಬೇಡವಾಯ್ತು. ಈಗ ಹೆಚ್ಚಾಗಿ ಪರದೆ ಪೂರ್ತಿ ಮಡಚಿ ಟ್ಯಾಬ್ಲೆಟ್ ಆಗೋ ಮಾಡೆಲ್‌ಗಳಲ್ಲಿ ಮಾತ್ರ ಸಿಗತ್ತೆ. ಇನ್ನೊಂದು ತೊಡಕು: ಹಳೇ ಲ್ಯಾಪ್‌ಟಾಪಲ್ಲಿ ಡಿಸ್ಕ್ ಕಾಯೋ ಸೆನ್ಸರ್ ಇದ್ರೂ, ಅದರ ಡ್ರೈವರ್ ಬೇರೆ ಆಪ್‌ಗಳಿಗೆ ಲೆಕ್ಕ ಕೊಡದೇ ಇರಬಹುದು. ವಿಜಯನಗರದಲ್ಲೋ ರಾಜಾಜಿನಗರದಲ್ಲೋ ಸೆಕೆಂಡ್ ಹ್ಯಾಂಡ್ ತಗೊಳ್ಳೋರಿಗೆ ಇದನ್ನೆಲ್ಲ ಹೇಳೋರು ಯಾರು? ಚೀಟೀಲಿ ರ‍್ಯಾಮ್ ಎಷ್ಟು, ಡಿಸ್ಕ್ ಎಷ್ಟು ಅಂತಿರತ್ತೆ, ಸೆನ್ಸರ್ ಸುದ್ದಿ ಇರಲ್ಲ.

'ಎಲ್ಲಾ ಮಾಡೆಲ್ ನಾವು ಹೇಗೆ ತಿಳ್ಕೊಳ್ಳೋದು' ಅಂತ ಆಪ್‌ನವರು ರಾಗ ಎಳೀಬಹುದು. ತಿಳ್ಕೋಬೇಕಾಗೇ ಇಲ್ಲ ಸ್ವಾಮಿ! ಅಲುಗಾಟದ ಸೆನ್ಸರ್ ಇದೆಯಾ ಅಂತ ವಿಂಡೋಸನ್ನ ಆಪ್ ಕೇಳಿದ್ರೆ ಸಾಕು, ಇಲ್ಲದಿದ್ರೆ ಅದು ಖಾಲಿ ಉತ್ತರ ಕೊಡತ್ತೆ. ಆ ಖಾಲಿ ಉತ್ತರವನ್ನ 'ಈ ಲ್ಯಾಪ್‌ಟಾಪಲ್ಲಿ ಸೆನ್ಸರ್ ಇಲ್ಲ' ಅಂತ ಒಂದು ಸಾಲಲ್ಲಿ ತೋರಿಸೋ ಬದಲು ನೇರ ಗೆರೆ ಎಳೆಯೋದು ಸೋಮಾರಿತನ. ದುಡ್ಡು ತಗೊಂಡು ಎಳೆದ್ರೆ ಮೋಸ.

ಅಲ್ಲೀವರೆಗೆ ನಾವೇ ಹುಷಾರಾಗಿರೋಣ. ಕೊಳ್ಳೋಕೆ ಮುಂಚೆ ಅಂಗಡೀಲೇ ಡಿವೈಸ್ ಮ್ಯಾನೇಜರ್ ತೆಗೆಸಿ, 'ಸೆನ್ಸರ್ಸ್' ಅನ್ನೋ ಸಾಲು ಇದೆಯಾ ನೋಡಿ. ಇದ್ರೆ ಬಿಡಿಸಿ ನೋಡಿ, ಬೆಳಕಿನ ಸೆನ್ಸರ್ ಕೂಡ ಅಲ್ಲೇ ಕೂತಿರತ್ತೆ. ಮಕ್ಕಳ ವಿಜ್ಞಾನದ ಪ್ರಯೋಗಕ್ಕಾದ್ರೆ ಹೊಸ ಲ್ಯಾಪ್‌ಟಾಪೇ ಬೇಡ. ಜೇಬಲ್ಲಿರೋ ಫೋನಲ್ಲಿ ಆ ಚಿಪ್ ಇದ್ದೇ ಇರತ್ತೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರ ಫೈಫಾಕ್ಸ್ ಆಪನ್ನ ಫೋನಿಗೆ ಪುಕ್ಕಟೆ ಹಾಕ್ಕೊಂಡು, ಒಂದೇ ವೈಫೈನಲ್ಲಿದ್ರೆ ಅದರ ಗೆರೆಯನ್ನ ಲ್ಯಾಪ್‌ಟಾಪಿನ ಬ್ರೌಸರಲ್ಲೇ ನೋಡಬಹುದು.

ಇಲ್ಲದ್ದನ್ನ ಇಲ್ಲ ಅನ್ನೋದಕ್ಕೆ ಕಾಸು ಖರ್ಚಿಲ್ಲ. ಅಷ್ಟೂ ಹೇಳದ ಆಪಿಗೆ ನಮ್ಮ ಮನೆ ದುಡ್ಡು ಯಾಕೆ?