ಬಾಡದ ಹೂವಿನ ಗಿಡ

ಮೆಡಿಟರೇನಿಯನ್ ಸಮುದ್ರತೀರದ ಬಂಡೆಗಳ ನಡುವೆ ಬೂದುಬಣ್ಣದ ಒಂದು ಕುರುಚಲು ಪೊದೆ ಬೆಳೆಯುತ್ತದೆ. ಸಸ್ಯಶಾಸ್ತ್ರಜ್ಞರು ಅದನ್ನು ಹೆಲಿಕ್ರೈಸಮ್ ಇಟಾಲಿಕಮ್ ಎನ್ನುತ್ತಾರೆ. ಫ್ರೆಂಚರು ‘ಇಮ್ಮೊರ್ಟೆಲ್’, ಎಂದರೆ ಅಮರವಾದುದು, ಎಂದು ಕರೆಯುತ್ತಾರೆ. ಅದರ ಹಳದಿ ಹೂಗೊಂಚಲನ್ನು ಕೊಯ್ದು ಗಾಳಿಯಾಡುವ ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕಿದರೆ, ಒಣಗಿದ ಮೇಲೂ ಬಹುಕಾಲ ಬಣ್ಣ ಉಳಿಯುತ್ತದೆ.

ಎಲೆಯನ್ನು ಹೊಸಕಿದರೆ ಮಸಾಲೆಯ ವಾಸನೆ ಬರುವುದರಿಂದ ಇಂಗ್ಲೆಂಡಿನಲ್ಲಿ ಇದಕ್ಕೆ ‘ಕರಿ ಪ್ಲಾಂಟ್’ ಎಂಬ ಹೆಸರು. ಅಲ್ಲಿ ನೆಲೆಸಿರುವ ನಮ್ಮ ತಾಯಂದಿರು ಇದನ್ನು ಒಗ್ಗರಣೆಯ ಕರಿಬೇವೆಂದು ಭಾವಿಸಬಾರದು. ಕರಿಬೇವು ನಿಂಬೆಯ ಕುಟುಂಬದ್ದು. ಇದು ಸೂರ್ಯಕಾಂತಿಯ ಕುಟುಂಬದ್ದು.

ಇದಕ್ಕೆ ಬೇಕಾದುದು ತುಂಬು ಬಿಸಿಲು ಮತ್ತು ಮರಳು, ಜಲ್ಲಿ ಬೆರೆತು ನೀರು ಬಸಿದುಹೋಗುವ ಮಣ್ಣು. ನೆಟ್ಟ ಮೊದಲ ವರ್ಷ, ಬೇರೂರುವ ತನಕ, ಮಣ್ಣು ಒಣಗಿದಾಗ ನೀರುಣಿಸಬೇಕು. ಆನಂತರ ಅದು ಬರಗಾಲವನ್ನು ತಾಳಿಕೊಳ್ಳುತ್ತದೆ. ಎಲೆಯ ಮೇಲಿನ ಬೆಳ್ಳಿಯಂಥ ರೋಮವೇ ತೇವವನ್ನು ಕಾಯುವ ಹೊದಿಕೆ. ಗೊಬ್ಬರ ಹೆಚ್ಚಾದರೆ ಕೊಂಬೆಗಳು ಸಡಿಲವಾಗಿ ಬೆಳೆದು ಬಾಗುತ್ತವೆ. ವಸಂತದಲ್ಲಿ ತುದಿಗಳನ್ನು ಸವರಬೇಕು. ಆದರೆ ಎಲೆಯಿಲ್ಲದ ಹಳೆಯ ಕಾಂಡದವರೆಗೆ ಕತ್ತರಿಸಿದರೆ ಮತ್ತೆ ಚಿಗುರುವುದು ಕಷ್ಟ. ಹೊಸ ಗಿಡ ಬೇಕಾದರೆ ಬೇಸಿಗೆಯಲ್ಲಿ ಹೂಬಿಡದ ಎಳೆಯ ಕಡ್ಡಿಯನ್ನು ಮರಳುಮಣ್ಣಿನಲ್ಲಿ ಊರಬಹುದು.

ಈ ಗಿಡ ಬಾಯಾರಿಕೆಯಿಂದ ಸಾಯುವುದಕ್ಕಿಂತ ಹೆಚ್ಚಾಗಿ ಬುಡದಲ್ಲಿ ನಿಂತ ನೀರಿನಿಂದ ಬೇರು ಕೊಳೆತು ಸಾಯುತ್ತದೆ. ಎಲೆ ಸೊರಗಿದೊಡನೆ ತಂಬಿಗೆ ಹಿಡಿಯುವುದು ನಮ್ಮೆಲ್ಲರ ಸ್ವಭಾವ. ಅದಕ್ಕೆ ಮೊದಲು ಮಣ್ಣಿನಲ್ಲಿ ಬೆರಳಿಟ್ಟು ನೋಡಬೇಕು. ತೇವವಿದ್ದರೆ ತಂಬಿಗೆಯನ್ನು ಕೆಳಗಿಡುವುದೇ ಆ ಗಿಡಕ್ಕೆ ನಾವು ಮಾಡುವ ಉಪಕಾರ.