ಅನಿಮಿಷನ ಅರಿವು

ಸಂಸ್ಕೃತದಲ್ಲಿ ಮೀನಿಗೆ ‘ಅನಿಮಿಷ’ವೆಂಬ ಹೆಸರುಂಟು, ದೇವತೆಗಳಿಗೂ ಅದೇ ಹೆಸರು. ರೆಪ್ಪೆಯಾಡದ ಆ ಕಣ್ಣು ನಮ್ಮನ್ನು ನೋಡುವುದೇನೋ ದಿಟ, ಆದರೆ ಗುರುತಿಸುವುದೇ?

ಗಾಜಿನ ತೊಟ್ಟಿಯಲ್ಲಿ ಬಂಗಾರದ ಮೀನನ್ನು ಸಾಕಿದ ಗೃಹಸ್ಥರು, ತಾವು ಸಮೀಪಿಸಿದೊಡನೆ ಅದು ಮೇಲೇರಿ ಬರುವುದೆಂದು ಹಿಗ್ಗುವರು. ಅದು ಹೊಟ್ಟೆಯ ಗುರುತೇ ಹೊರತು ಯಜಮಾನನ ಗುರುತಲ್ಲವೆಂದು ನೆರೆಯವರು ನಗುವರು. ಎರಡರಲ್ಲಿಯೂ ಸತ್ಯಾಂಶವಿರುವುದು.

ಕುರುಡು ಮೀನೊಂದು ಸಿಳ್ಳಿನ ಸದ್ದಿಗೆ ಆಹಾರವನ್ನರಸಿ ಹೊರಬರಲು ಕಲಿತುದನ್ನು ಕಾರ್ಲ್ ಫಾನ್ ಫ್ರಿಷ್ ಎಂಬ ವಿದ್ವಾಂಸರು 1923ರಲ್ಲಿಯೇ ಪ್ರಕಟಿಸಿದರು. 2016ರಲ್ಲಿ ಹೊರಬಂದ ಮತ್ತೊಂದು ಪರೀಕ್ಷೆಯು ಆರ್ಚರ್ ಮೀನುಗಳನ್ನು ಕುರಿತುದು. ಬಾಯಿಂದ ನೀರು ಚಿಮ್ಮಿಸಿ ಹುಳುಗಳನ್ನು ಬೀಳಿಸುವ ಈ ಮೀನುಗಳು, ತಾವು ಕಲಿತಿದ್ದ ಒಂದು ಮನುಷ್ಯಮುಖದ ಚಿತ್ರವನ್ನು 44 ಹೊಸ ಮುಖಗಳಿಂದ ಬೇರ್ಪಡಿಸಿ, ಬಹುಪಾಲು ಅದಕ್ಕೇ ನೀರೆರಚಿದುವು. 2025ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಾದರೋ, ಮೆಡಿಟರೇನಿಯನ್ ಸಮುದ್ರದ ಮೀನುಗಳು ಆಹಾರವೀಯುವ ಮುಳುಗುಗಾರರನ್ನೇ ಆರಿಸಿ ಹಿಂಬಾಲಿಸಿದುವು. ಇಬ್ಬರು ಮುಳುಗುಗಾರರು ಒಂದೇ ಬಗೆಯ ಉಡುಪನ್ನು ತೊಟ್ಟಾಗ ಮಾತ್ರ ಅವುಗಳಿಗೆ ಗುರುತು ಸಿಕ್ಕಲಿಲ್ಲ. ಉಡುಪಿನ ಬಣ್ಣವೇ ಅವುಗಳಿಗೆ ಆಧಾರವಾಗಿದ್ದಿರಬೇಕು.

ಇದನ್ನು ಪ್ರೀತಿಯೆಂದು ನಾವು ಹೇಳಲಾರೆವು. ಆದರೆ ಕಲಿಯಬಲ್ಲ, ನೆನೆಯಬಲ್ಲ ಜೀವವನ್ನು ಅಂಗೈಯಗಲದ ಬಟ್ಟಲಲ್ಲಿ ಕೂಡಿಹಾಕಿ, “ಅದಕ್ಕೇನು ತಿಳಿದೀತು?” ಎನ್ನುವ ಮಾತು ಇನ್ನು ಸಲ್ಲದು. ಅನ್ನದ ಕೈಯನ್ನು ನೆನೆಯುವ ಮೀನು ಅಂಜಿಸಿದ ಕೈಯನ್ನೂ ನೆನೆದೀತು. ಆದುದರಿಂದ ತೊಟ್ಟಿಯು ವಿಶಾಲವಾಗಿರಲಿ, ನೀರು ನಿರ್ಮಲವಾಗಿರಲಿ, ಆಹಾರವು ಹೊತ್ತಿಗೆ ಸರಿಯಾಗಿ ಮಿತವಾಗಿ ಬೀಳಲಿ. ಆ ಕೆಲಸವನ್ನು ಮನೆಯ ಮಕ್ಕಳಿಗೇ ಒಪ್ಪಿಸಿರಿ. ಗಾಜನ್ನು ತಟ್ಟಲು ಮಾತ್ರ ಬಿಡಬೇಡಿರಿ.