ಜರ್ಮನ್ ಕಲಿಕೆ: ವ್ಯಾಕರಣ ಎಷ್ಟು ಬೇಕು?

ನರ್ಸಿಂಗ್ ಉದ್ಯೋಗಕ್ಕಾಗಿ, ವೃತ್ತಿ ತರಬೇತಿಗಾಗಿ ಜರ್ಮನಿಗೆ ಹೊರಡಲಿಚ್ಛಿಸುವ ನಮ್ಮ ಯುವಜನರು ಮೊದಲು ದಾಟಬೇಕಾದ ಹೊಸ್ತಿಲು ಭಾಷಾ ಪರೀಕ್ಷೆ. ಅಲ್ಲಿ ಅವರನ್ನು ಹೆದರಿಸುವುದು ವ್ಯಾಕರಣ. ಮೂರು ಲಿಂಗಗಳು, ನಾಲ್ಕು ವಿಭಕ್ತಿಗಳು, ಅವುಗಳಿಗೆ ತಕ್ಕಂತೆ ಬದಲಾಗುವ ಡೇರ್, ಡೀ, ಡಾಸ್‌ಗಳ ಕೋಷ್ಟಕಗಳನ್ನು ಕಂಠಪಾಠ ಮಾಡಿಸುವವರು ಒಂದೆಡೆಯಾದರೆ, ‘ವ್ಯಾಕರಣವೇ ಬೇಡ, ಮಾತನಾಡಿದರೆ ಸಾಕು’ ಎನ್ನುವವರು ಇನ್ನೊಂದೆಡೆ. ಇವೆರಡೂ ಅತಿರೇಕಗಳೆಂದೇ ನಾವು ಭಾವಿಸುತ್ತೇವೆ.

ಅಷ್ಟಕ್ಕೂ ಪರೀಕ್ಷೆ ಕೇಳುವುದೇನನ್ನು? ಬೆಂಗಳೂರಿನಲ್ಲಿ ಮ್ಯಾಕ್ಸ್ ಮುಲ್ಲರ್ ಭವನವೆಂದು ಪರಿಚಿತವಾಗಿರುವ ಗಯಟೆ ಸಂಸ್ಥೆಯ ಎ1 ಪರೀಕ್ಷೆಯಲ್ಲಿ ಆಲಿಸುವಿಕೆ, ಓದು, ಬರಹ, ಮಾತು ಎಂಬ ನಾಲ್ಕು ಭಾಗಗಳಿವೆ. ವ್ಯಾಕರಣಕ್ಕೆಂದೇ ಪ್ರತ್ಯೇಕ ಭಾಗವಿಲ್ಲ ಎಂಬುದು ಗಮನಾರ್ಹ. ಒಂದು ಅರ್ಜಿ ತುಂಬಿಸಿ, ಸುಮಾರು 30 ಪದಗಳ ಪುಟ್ಟ ಪತ್ರ ಬರೆಯಬೇಕು. ತನ್ನ ಪರಿಚಯ ಹೇಳಿ, ಪ್ರಶ್ನೆ ಕೇಳಿ, ವಿನಂತಿಸಿಕೊಳ್ಳಬೇಕು. 100ರಲ್ಲಿ 60 ಅಂಕ ಬಂದರೆ ತೇರ್ಗಡೆ.

ಇದಕ್ಕೆ ಬೇಕಾದ ವ್ಯಾಕರಣ ಅಲ್ಪ, ಆದರೆ ಅದು ಖಚಿತವಾಗಿರಬೇಕು: ಕರ್ತೃವಿಗೆ ತಕ್ಕಂತೆ ಕ್ರಿಯಾಪದ ಬದಲಾಗುವ ಬಗೆ, ಸರಳ ವಾಕ್ಯದಲ್ಲಿ ಅದು ಎರಡನೆಯ ಸ್ಥಾನದಲ್ಲಿ ನಿಲ್ಲುವ ನಿಯಮ, ಪ್ರಥಮಾ-ದ್ವಿತೀಯಾ ವಿಭಕ್ತಿಗಳ ವ್ಯತ್ಯಾಸ, ನಿಷೇಧ ರೂಪ. ಷಷ್ಠೀ ವಿಭಕ್ತಿಯೂ ವಿಶೇಷಣಗಳ ಪ್ರತ್ಯಯಗಳೂ ಕಾಯಬಲ್ಲವು. ಆದರೆ ನಾಮಪದದ ಲಿಂಗವನ್ನು ಮೊದಲ ದಿನದಿಂದಲೇ ಪದದ ಜೊತೆಗೇ ಕಲಿಯಬೇಕು. ಮೇಜು ಪುಲ್ಲಿಂಗ, ಹುಡುಗಿ ನಪುಂಸಕಲಿಂಗವಾಗಿರುವ ಭಾಷೆಯಲ್ಲಿ ಅರ್ಥ ನೋಡಿ ಲಿಂಗವನ್ನು ಊಹಿಸಲಾಗದು.

ಕನ್ನಡಿಗರಿಗೆ ಅನುಕೂಲವೂ ಇದೆ. ‘ಅನ್ನು’, ‘ಗೆ’ ಪ್ರತ್ಯಯಗಳನ್ನು ನಿತ್ಯ ಬಳಸುವ ನಮಗೆ ವಿಭಕ್ತಿ ಅಪರಿಚಿತವಲ್ಲ. ‘ವೈಲ್’ ಅಂದರೆ ‘ಏಕೆಂದರೆ’ ಎಂದು ಆರಂಭವಾಗುವ ಉಪವಾಕ್ಯದಲ್ಲಿ ಕ್ರಿಯಾಪದ ನಮ್ಮಲ್ಲಿರುವಂತೆ ಕೊನೆಗೇ ಬರುತ್ತದೆ. ಇಂಗ್ಲಿಷ್ ಮೂಲಕ ಮಾತ್ರ ಕಲಿಸುವವರು ಈ ಬಂಡವಾಳವನ್ನು ವ್ಯರ್ಥಗೊಳಿಸುತ್ತಿದ್ದಾರೆ.

ಹಾಗೆಂದು ಎ1ಕ್ಕೇ ತೃಪ್ತರಾಗುವಂತಿಲ್ಲ. ದಾದಿಯರ ಮಾನ್ಯತೆಗೆ ಅಲ್ಲಿ ಸಾಮಾನ್ಯವಾಗಿ ಬಿ2 ಮಟ್ಟ ಬೇಕು. ಔಷಧಿ ಊಟಕ್ಕೆ ಮೊದಲೋ ಅನಂತರವೋ ಎಂಬಲ್ಲಿ ತಪ್ಪಿದರೆ ನಷ್ಟವಾಗುವುದು ಅಂಕವಲ್ಲ, ರೋಗಿಯ ಆರೋಗ್ಯ. ಆದ್ದರಿಂದ ಮಟ್ಟ ಏರಿದಂತೆ ವ್ಯಾಕರಣವೂ ಏರಬೇಕು.

1853ರಲ್ಲಿ ಭಾರತಕ್ಕೆ ಬಂದ ಜರ್ಮನ್ ವಿದ್ವಾಂಸ ಕಿಟ್ಟೆಲ್ ಅವರ ಕನ್ನಡ ನಿಘಂಟು ಪ್ರಕಟವಾದದ್ದು 1894ರಲ್ಲಿ, ಕನ್ನಡ ವ್ಯಾಕರಣ 1903ರಲ್ಲಿ. ಸಮಗ್ರ ವ್ಯಾಕರಣವೆಂಬುದು ಸುದೀರ್ಘ ಕಲಿಕೆಯ ಫಲವೇ ಹೊರತು ಅದರ ಮೊದಲ ಮೆಟ್ಟಿಲಲ್ಲ. ಸಾಲ ಮಾಡಿ ಶುಲ್ಕ ಕಟ್ಟುವ ಹೆತ್ತವರು, ‘ಎಷ್ಟು ಕೋಷ್ಟಕ ಕಲಿಸಿದಿರಿ?’ ಎಂಬುದಕ್ಕಿಂತ ‘ನನ್ನ ಮಗಳು ಎಷ್ಟು ವಾಕ್ಯಗಳನ್ನು ಸ್ವತಃ ಹೇಳಬಲ್ಲಳು?’ ಎಂದು ತರಬೇತಿ ಕೇಂದ್ರಗಳನ್ನು ಪ್ರಶ್ನಿಸಬೇಕಾಗಿದೆ.